ಬಂದರಿನ ಹೆಬ್ಬಾಗಿಲು ನಮ್ಮ ಕಣದವರೆಗೆ ಬಂದಿದೆ

ಕಾಫಿ ಚೀಲಗಳನ್ನು ಹೇರಿದ ಲಾರಿ ತೋಟದ ಗೇಟು ದಾಟಿದೊಡನೆ ಅದರ ಚಿಂತೆಯನ್ನು ಬಿಟ್ಟುಬಿಡುವುದು ನಮ್ಮ ಬೆಳೆಗಾರರ ಹಳೆಯ ರೂಢಿ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಅದು ತಪ್ಪೂ ಆಗಿರಲಿಲ್ಲ. ಕಾಫಿಯನ್ನು ಪೂಲಿಗೆ ಒಪ್ಪಿಸಿ ರಸೀದಿ ಪಡೆದರೆ ನಮ್ಮ ಹೊಣೆ ಮುಗಿಯುತ್ತಿತ್ತು. ಅದು ಯಾವ ಹಡಗನ್ನೇರಿತು, ಯಾವ ದೇಶ ಸೇರಿತು ಎಂಬುದು ಮಂಡಳಿಯ ತಲೆನೋವಾಗಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಆದರೆ ಬಂದರಿನ ವ್ಯವಹಾರ ನಮಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಮಾತ್ರ ಹಾಗೆಯೇ ಉಳಿದುಕೊಂಡಿದೆ. ಅದನ್ನು ಇನ್ನು ಬಿಡಬೇಕಾಗಿದೆ ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಮುಚ್ಚಿದ ಪೆಟ್ಟಿಗೆ

ಪಣಂಬೂರಿನ ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಆ ಕಾಲದಲ್ಲಿ ಚೀಲದ ಸರಕೆಂದರೆ ಕಣ್ಣಿಗೆ ಕಾಣುವ ಸರಕು. ಹಮಾಲರು ಹೊರುತ್ತಿದ್ದರು, ಗುಮಾಸ್ತರು ಎಣಿಸಿ ಗೀಟು ಹಾಕುತ್ತಿದ್ದರು. ಸಂಶಯ ಬಂದರೆ ಚೀಲಕ್ಕೆ ಕೊಳವೆ ಚುಚ್ಚಿ ನಾಲ್ಕು ಬೀಜವನ್ನು ಅಂಗೈಗೆ ಸುರಿದುಕೊಂಡರೆ ಸಾಕಾಗುತ್ತಿತ್ತು.

ಈ ಪದ್ಧತಿಯನ್ನು ಬದಲಿಸಿದ್ದು ಕಂಟೇನರ್ ಎಂಬ ಉಕ್ಕಿನ ಪೆಟ್ಟಿಗೆ. ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ 1956ರ ಏಪ್ರಿಲ್ 26ರಂದು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಇಂಥ 58 ಪೆಟ್ಟಿಗೆಗಳನ್ನು ಹಡಗಿನಲ್ಲಿ ಸಾಗಿಸಿದ. ಇಂದು ನಮ್ಮ ಕಾಫಿ ಹೋಗುವುದೂ ಇದರಲ್ಲೇ. 20 ಅಡಿಯ ಪೆಟ್ಟಿಗೆಯಲ್ಲಿ 60 ಕಿಲೋ ತೂಕದ 320 ಚೀಲ, ಅಂದರೆ 19.2 ಟನ್ ಕಾಫಿ ಹಿಡಿಯುತ್ತದೆ. ಬಾಗಿಲು ಮುಚ್ಚಿ ಸೀಲು ಬಿದ್ದ ಮೇಲೆ ಒಳಗಿರುವುದು ಅರೇಬಿಕಾವೋ, ರೋಬಸ್ಟಾವೋ, ಜಲ್ಲಿಕಲ್ಲೋ ಬಂದರಿನವರ ಕಣ್ಣಿಗೆ ಕಾಣದು. ಕಾಣುವುದು ಪೆಟ್ಟಿಗೆಯ ಸಂಖ್ಯೆ ಮತ್ತು ಆ ಸಂಖ್ಯೆಯ ಹಿಂದಿರುವ ದಾಖಲೆ, ಅಷ್ಟೆ. ಗಣಕಯಂತ್ರವು ಬಂದರಿನಲ್ಲಿ ತಂದಿರುವ ಬದಲಾವಣೆಯ ತಿರುಳು ಇದು: ಸರಕಿಗಿಂತ ಮೊದಲು ಅದರ ದಾಖಲೆ ಬಂದರನ್ನು ಸೇರುತ್ತದೆ, ದಾಖಲೆ ಸರಿಯಿದ್ದರೆ ಸರಕಿಗೆ ದಾರಿ ಸಿಗುತ್ತದೆ.

ಯಂತ್ರ ಕೇಳುವ ಪ್ರಶ್ನೆಗಳು

ಸಿಂಗಪುರದವರು ಇದನ್ನು ಬೇಗ ಅರಿತರು. ಅಲ್ಲಿ 1984ರಲ್ಲಿ ಬಂದರಿನ ಕೆಲಸಕ್ಕೆ ಪೋರ್ಟ್‌ನೆಟ್ ಎಂಬ ಗಣಕ ಜಾಲವೂ, 1989ರಲ್ಲಿ ವ್ಯಾಪಾರದ ಪರವಾನಗಿಗಳಿಗೆ ಟ್ರೇಡ್‌ನೆಟ್ ಎಂಬ ಜಾಲವೂ ಬಂದವು. ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನ ಒಂದು ಟರ್ಮಿನಲ್‌ನಲ್ಲಿ 1993ರಿಂದಲೇ ಚಾಲಕನಿಲ್ಲದ ವಾಹನಗಳು ಪೆಟ್ಟಿಗೆಗಳನ್ನು ಹೊತ್ತು ಓಡಾಡುತ್ತಿವೆ.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಯಾವ ಪೆಟ್ಟಿಗೆಯನ್ನು ತೆರೆದು ನೋಡಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂದು ದಾಖಲೆಗಳನ್ನು ನೋಡಿ ಆರಿಸುವ ಗಣಕ ಪದ್ಧತಿ 2005ರಲ್ಲಿ ಕಸ್ಟಮ್ಸ್ ಇಲಾಖೆಗೆ ಬಂತು. 2016ರ ಜುಲೈ 1ರಿಂದ ಜಗತ್ತಿನಾದ್ಯಂತ, ತುಂಬಿದ ಪೆಟ್ಟಿಗೆಯ ನಿಖರ ತೂಕವನ್ನು ಮೊದಲೇ ತಿಳಿಸದಿದ್ದರೆ ಅದನ್ನು ಹಡಗಿಗೆ ಏರಿಸುವಂತಿಲ್ಲ. ಅದೇ ವರ್ಷ ಜವಾಹರಲಾಲ್ ನೆಹರೂ ಬಂದರಿನಲ್ಲಿ, ಪೆಟ್ಟಿಗೆಗೆ ರೇಡಿಯೋ ಚೀಟಿ ಅಂಟಿಸಿ ಅದು ಎಲ್ಲಿದೆಯೆಂದು ತಿಳಿಯುವ ಏರ್ಪಾಡು ಆರಂಭವಾಯಿತು. 2017ರಲ್ಲಿ ರಫ್ತುದಾರನು ತನ್ನ ಗೋದಾಮಿನಲ್ಲೇ ಪೆಟ್ಟಿಗೆಗೆ ಎಲೆಕ್ಟ್ರಾನಿಕ್ ಸೀಲು ಹಾಕಿ ನೇರ ಬಂದರಿಗೆ ಕಳಿಸುವ ಕ್ರಮ ಜಾರಿಗೆ ಬಂತು. ಬಾಗಿಲಲ್ಲಿ ಅಧಿಕಾರಿ ಆ ಸೀಲನ್ನು ಯಂತ್ರದಿಂದ ಓದಿ ದಾಖಲೆಯೊಡನೆ ತಾಳೆ ನೋಡುತ್ತಾರೆ.

ಇದರಿಂದ ಆದ ಲಾಭ ದೊಡ್ಡದು. ಕಾಫಿಗೆ ಕಾಯುವಿಕೆಯಷ್ಟು ಕೆಟ್ಟ ಶತ್ರು ಇಲ್ಲ. ಕರಾವಳಿಯ ಸೆಕೆಯಲ್ಲಿ ಪೆಟ್ಟಿಗೆ ಬಿಸಿಯಾಗಿ, ರಾತ್ರಿ ತಣಿದು, ಒಳಮಾಡಿನಲ್ಲಿ ಬೆವರು ಹನಿಗಟ್ಟಿ ಚೀಲದ ಮೇಲೆ ಬಿದ್ದರೆ ವರ್ಷದ ಶ್ರಮಕ್ಕೆ ಬೂಷ್ಟು ಹಿಡಿಯುತ್ತದೆ. ಬಂದರಿನಲ್ಲಿ ಉಳಿಯುವ ಪ್ರತಿಯೊಂದು ದಿನವೂ ಬೆಳೆಗಾರನ ಗಂಟೇ.

ಆದರೆ ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಇದನ್ನು ನಾವು ಕಲಿತದ್ದು ನಮ್ಮದೇ ತಪ್ಪಿನಿಂದ. ಹಿಂದೊಂದು ವರ್ಷ ಪೆಟ್ಟಿಗೆ ತುಂಬುವಾಗ ತೇವ ಹೆಚ್ಚೆಂದು 3 ಚೀಲಗಳನ್ನು ಹಿಂದಕ್ಕೆ ತೆಗೆದೆವು. ಗೋದಾಮಿನ ಪುಸ್ತಕದಲ್ಲಿ 317 ಎಂದು ತಿದ್ದಿದೆವು. ಗಣಕದಲ್ಲಿ ಕಳಿಸಿದ ಪಟ್ಟಿಯಲ್ಲಿ 320 ಹಾಗೆಯೇ ಉಳಿಯಿತು. ಹಿಂದಿನ ಕಾಲವಾಗಿದ್ದರೆ ಗುಮಾಸ್ತರಿಗೆ ವಿವರಿಸಿ, ಕೆಂಪು ಶಾಯಿಯಲ್ಲಿ ತಿದ್ದಿ, ಸಹಿ ಹಾಕಿಸಿ ಮುಗಿಸಬಹುದಿತ್ತು. ಈಗ ಶಿಪ್ಪಿಂಗ್ ಬಿಲ್ಲನ್ನು ಕ್ರಮವಾಗಿ ತಿದ್ದಿಸುವಷ್ಟರಲ್ಲಿ ಪೆಟ್ಟಿಗೆ ಒಪ್ಪಿಸುವ ಗಡುವು ಮೀರಿ ಹಡಗು ತಪ್ಪಿತು. ಕಾಫಿ ಒಳ್ಳೆಯದೇ ಇತ್ತು. ಕೆಟ್ಟಿದ್ದು ನಮ್ಮ ಲೆಕ್ಕ.

ಅಡಿಕೆಯ ಪಾಠ

ಅಡಿಕೆ ಬೆಳೆಗಾರರು ಇದನ್ನು ಕಾಫಿಯವರ ಕಥೆಯೆಂದು ತಿಳಿಯಬಾರದು. ಅವರಿಗೆ ಬಂದರಿನಿಂದ ಬರುವ ಅಪಾಯ ಎದುರು ದಿಕ್ಕಿನದು. ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ದೇಶದೊಳಗೆ ಬರಬಾರದೆಂದು ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಏರಿಸಿತು. ಆದರೂ ಬೇರೆ ಸರಕಿನ ಹೆಸರು ಬರೆಸಿಕೊಂಡ ಪೆಟ್ಟಿಗೆಗಳಲ್ಲಿ ಅಡಿಕೆ ಸಿಕ್ಕಿಬಿದ್ದ ಪ್ರಕರಣಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಯಂತ್ರ ತನಗೆ ಹೇಳಿದ್ದನ್ನೇ ನಂಬಿ ಹೊರಡುತ್ತದೆ. ಜಾಣ ಸುಳ್ಳುಗಾರನಿಗೆ ಅದು ದಾರಿ ಬಿಡಲೂಬಹುದು; ಪ್ರಾಮಾಣಿಕನಾದರೂ ಅಜಾಗರೂಕನಾದವನನ್ನು ತಡೆಯಲೂಬಹುದು. ಆದ್ದರಿಂದ ಪೆಟ್ಟಿಗೆಗಳನ್ನು ಸ್ಕ್ಯಾನ್ ಮಾಡುವ, ತೆರೆದು ನೋಡುವ ಮನುಷ್ಯರ ತಪಾಸಣೆ ಕಡಿಮೆಯಾಗದಂತೆ ಒತ್ತಾಯಿಸುವುದು ಬೆಳೆಗಾರ ಸಂಘಗಳ ಕರ್ತವ್ಯ.

ಯಂತ್ರವೇ ಮಲಗಿದರೆ?

2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ದುಷ್ಟ ಪ್ರೋಗ್ರಾಮ್ ಹರಡಿ, ಡೆನ್ಮಾರ್ಕಿನ ದೊಡ್ಡ ಹಡಗು ಕಂಪನಿ ಮರ್ಸ್ಕ್‌ನ ಗಣಕ ಜಾಲ ಸ್ತಬ್ಧವಾಯಿತು. ನಮ್ಮ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ಗೂ ಪೆಟ್ಟು ಬಿತ್ತು. ಹತ್ತು ದಿನಗಳಲ್ಲಿ 4,000 ಸರ್ವರ್‌ಗಳನ್ನೂ 45,000 ಗಣಕಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತು ಎಂದು ಕಂಪನಿಯ ಅಧ್ಯಕ್ಷರೇ ಅನಂತರ ಹೇಳಿದರು. ಇಡೀ ಜಾಲದ ಕೀಲಿಯಂತಿದ್ದ ಮಾಹಿತಿಯ ಒಂದೇ ಒಂದು ಒಳ್ಳೆಯ ಪ್ರತಿ ಉಳಿದದ್ದು ಘಾನಾ ದೇಶದ ಕಚೇರಿಯಲ್ಲಿ. ದಾಳಿಯ ಹೊತ್ತಿಗೆ ಅಲ್ಲಿ ವಿದ್ಯುತ್ ಹೋಗಿತ್ತಂತೆ! ಮಳೆಗಾಲದಲ್ಲಿ ಕತ್ತಲೆಯಲ್ಲೇ ಕೂರುವ ಮಲೆನಾಡಿನವರಾದ ನಮಗೆ ಇದು ನಗು ತರಿಸುವ ಸಂಗತಿ. ಆದರೆ ಪಾಠ ಗಂಭೀರವಾದದ್ದು. ಸಂಘದ ಕಚೇರಿಯಲ್ಲಿ ಗಣಕವಿದ್ದರೂ ಕೈಬರಹದ ಲೆಡ್ಜರನ್ನು ನಾವು ಇನ್ನೂ ಬಿಡದಿರುವುದು ಈ ಕಾರಣದಿಂದಲೇ.

ಪಹಣಿಯಿಂದ ಹಡಗಿನವರೆಗೆ

ಇನ್ನು ಮುಂದಿನ ಮಾತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಯೂರೋಪು. ಅದರಲ್ಲಿ ಇಟಲಿಯೇ ಮೊದಲು. ಯೂರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಕಾಯಿದೆಯ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಅಲ್ಲಿನ ಬಂದರಿನಲ್ಲಿ ಪ್ರವೇಶವಿಲ್ಲ. ಕಾಫಿ ಬೆಳೆದ ಜಮೀನು ಭೂಪಟದಲ್ಲಿ ಎಲ್ಲಿದೆಯೆಂದು ಅಕ್ಷಾಂಶ ರೇಖಾಂಶ ಸಹಿತ ತಿಳಿಸಬೇಕು. 4 ಹೆಕ್ಟೇರಿನವರೆಗೆ ಒಂದು ಬಿಂದು ಸಾಕು. ಅದಕ್ಕೂ ಮೀರಿದರೆ ಜಮೀನಿನ ಗಡಿಯನ್ನೇ ಗುರುತಿಸಬೇಕು. ಎರಡು ಬಾರಿ ಮುಂದಕ್ಕೆ ಹೋದ ಈ ಕಾಯಿದೆ ದೊಡ್ಡ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30ರಿಂದ ಅನ್ವಯಿಸುವುದೆಂದು 2025ರ ಕೊನೆಯಲ್ಲಿ ನಿಗದಿಯಾಗಿದೆ.

ಹಲವರ ಕಾಫಿ ಬೆರೆತ ಪೆಟ್ಟಿಗೆಯಲ್ಲಿ ಒಬ್ಬರ ವಿವರ ಇಲ್ಲದಿದ್ದರೂ ಇಡೀ ಪೆಟ್ಟಿಗೆ ತೊಡಕಿಗೆ ಸಿಲುಕುತ್ತದೆ. ದೇಶದ ಕಾಫಿ ಬೆಳೆಗಾರರಲ್ಲಿ ಶೇಕಡಾ 98ಕ್ಕೂ ಹೆಚ್ಚು ಮಂದಿ 10 ಹೆಕ್ಟೇರಿಗಿಂತ ಕಡಿಮೆ ಇರುವ ಸಣ್ಣ ಹಿಡುವಳಿದಾರರು. ತೀರಿಹೋದ ತಂದೆಯ ಹೆಸರಿನಲ್ಲೇ ಪಹಣಿ, ಅಣ್ಣತಮ್ಮಂದಿರಲ್ಲಿ ಬಾಯಿಮಾತಿನ ಪಾಲು, ಪಹಣಿಯಲ್ಲೊಂದು ಆಧಾರ್‌ನಲ್ಲೊಂದು ಹೆಸರು - ಇವು ನಮ್ಮೂರಿನ ಮನೆಮನೆಯ ಕಥೆಗಳು. ಇಷ್ಟು ದಿನ ಇವು ತಾಲ್ಲೂಕು ಕಚೇರಿಯ ತಾಪತ್ರಯಗಳಾಗಿದ್ದವು. ಇನ್ನು ಮುಂದೆ ಬಂದರಿನ ತಾಪತ್ರಯಗಳೂ ಆಗುತ್ತವೆ. ದೊಡ್ಡ ಎಸ್ಟೇಟುಗಳು ಇದಕ್ಕಾಗಿ ಗುಮಾಸ್ತರನ್ನು ಇಟ್ಟುಕೊಳ್ಳುತ್ತವೆ. ಎರಡು ಎಕರೆಯವನಿಗೆ ಸಂಘವೇ ಗುಮಾಸ್ತನಾಗಬೇಕು.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಕೊಯ್ಲಿಗೆ ಮೊದಲು ಪಹಣಿ ಮತ್ತು ಸರ್ವೆ ನಂಬರಿನೊಡನೆ ಕಚೇರಿಗೆ ಬನ್ನಿ. ಖಾತೆ ಬದಲಾವಣೆ ಬಾಕಿಯಿದ್ದರೆ ಈಗಲೇ ಅರ್ಜಿ ಕೊಡಿ. ಕಣದಿಂದ ಹೊರಡುವ ಪ್ರತಿ ಲಾಟಿನ ಚೀಲ, ತೂಕ, ತೇವಾಂಶವನ್ನು ಅಂದಂದೇ ಬರೆದಿಡಿ. ಬೀಜವನ್ನು ಒಣಗಿಸಿ ಹಸನು ಮಾಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಷ್ಟೇ ಅಚ್ಚುಕಟ್ಟಾಗಿ ಲೆಕ್ಕವನ್ನೂ ಹಸನು ಮಾಡಿದರೆ, ಘಟ್ಟ ಇಳಿದ ನಮ್ಮ ಲಾರಿ ಪಣಂಬೂರಿನ ಬಾಗಿಲಲ್ಲಿ ನಿಲ್ಲಬೇಕಾಗಿಲ್ಲ.