ವಿದ್ಯೆ, ಋಣ ಮತ್ತು ಗಳಿಕೆ: ತಾಳಗುಂದದಿಂದ ಒಂದು ವಿವೇಚನೆ

ಶಿಕಾರಿಪುರ ತಾಲೂಕಿನ ತಾಳಗುಂದವು ಇತಿಹಾಸದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಊರು. ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನವು ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಯ ಘಟಿಕೆಗೆ ಹೋದುದನ್ನು ತಿಳಿಸುತ್ತದೆ. 12ನೆಯ ಶತಮಾನದಲ್ಲಿ ಈ ಊರೇ ವಿದ್ಯಾಕೇಂದ್ರವಾಗಿದ್ದಿತು. ವೇದಶಾಸ್ತ್ರಗಳನ್ನು ಬೋಧಿಸುವವರಿಗೂ, ಕನ್ನಡ ಅಕ್ಷರ ಕಲಿಸುವವರಿಗೂ, ವಿದ್ಯಾರ್ಥಿಗಳ ಊಟಕ್ಕೂ ದತ್ತಿ ಬಿಟ್ಟುದನ್ನು ಇಲ್ಲಿಯ ಶಾಸನಗಳು ಹೇಳುತ್ತವೆ. ಸಮೀಪದ ಬಳ್ಳಿಗಾವೆಯ ಕೋಡಿಯಮಠವು ಅನಾಥ ರೋಗಿಗಳಿಗೆ ಚಿಕಿತ್ಸೆಯ ಸ್ಥಾನವೂ ಆಗಿತ್ತೆಂಬುದು 1162ರ ಶಾಸನದಿಂದ ವಿದಿತವಾಗುತ್ತದೆ.

ಆ ವ್ಯವಸ್ಥೆ ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಲಾಗದು. ಆದರೆ ಅದರೊಳಗೆ ಸೇರಿದವನ ವಿದ್ಯೆಯ ವೆಚ್ಚವನ್ನು ಭೂಮಿಯ ಉತ್ಪತ್ತಿ ಭರಿಸುತ್ತಿತ್ತು. ಇಂದು ಬಾಗಿಲು ವಿಶಾಲವಾಗಿದೆ. ವೆಚ್ಚವನ್ನು ಮಾತ್ರ ಅನೇಕ ವೇಳೆ ವಿದ್ಯಾರ್ಥಿಯ ಮುಂದಿನ ಗಳಿಕೆಯೇ ಭರಿಸಬೇಕಾಗಿದೆ. ಪಿ.ಯು. ವಿಜ್ಞಾನ ಮುಗಿಸಿದ ವಿದ್ಯಾರ್ಥಿನಿಯರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಇದೇ: ಸಾಲ ಮಾಡಿ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಓದಬಹುದೆ? ಮನೆಯವರು ತಾಯಿಯ ಒಡವೆ ಅಡವಿಡಲೂ ಸಿದ್ಧರಿರುವಾಗ ಈ ಪ್ರಶ್ನೆಗೆ ಹಾರಿಕೆಯ ಉತ್ತರ ಸಲ್ಲದು. ಅದನ್ನು ಲೆಕ್ಕದಿಂದ ಅಳೆಯುವ ಬಗೆಯನ್ನು ಇಲ್ಲಿ ಸ್ಥೂಲವಾಗಿ ವಿವರಿಸುತ್ತೇವೆ. ಕೆಳಗಿನ ಮೊತ್ತಗಳು ಉದಾಹರಣೆಗಾಗಿ ಇಟ್ಟುಕೊಂಡವು. ಪ್ರತಿಯೊಬ್ಬರೂ ತಮ್ಮ ಅಂಕಿಗಳನ್ನು ಆ ಜಾಗದಲ್ಲಿ ಇಟ್ಟು ನೋಡಬೇಕು.

ಮೊದಲನೆಯದು ಸಾಲದ ನಿಜವಾದ ಗಾತ್ರ. 2 ವರ್ಷಗಳ ಶಿಕ್ಷಣಕ್ಕೆ ಶುಲ್ಕ, ವಸತಿ, ಪುಸ್ತಕ ಸೇರಿ 2,00,000 ರೂಪಾಯಿ ಬೇಕೆನ್ನೋಣ. ವರ್ಷಾರಂಭದಲ್ಲಿ ಒಂದೊಂದು ಲಕ್ಷದಂತೆ, ಶೇಕಡಾ 10ರ ಬಡ್ಡಿಗೆ ಸಾಲ ದೊರೆಯಿತೆನ್ನೋಣ. ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದು 1 ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಕಂತು ನಿಂತಿದೆಯೆಂದು ಬಡ್ಡಿ ನಿಲ್ಲುವುದಿಲ್ಲ. ಮೊದಲ ಲಕ್ಷಕ್ಕೆ 3 ವರ್ಷದ ಸರಳ ಬಡ್ಡಿ 30,000, ಎರಡನೆಯದಕ್ಕೆ 2 ವರ್ಷದ್ದು 20,000. ಹೀಗೆ ಮೊದಲ ಕಂತಿನ ವೇಳೆಗೆ ಸಾಲ 2,50,000 ಆಗಿರುತ್ತದೆ. ಅದನ್ನು 5 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 5,300 ರೂಪಾಯಿ ಬೇಕು. ಒಟ್ಟು ಪಾವತಿ ಸುಮಾರು 3,18,000. 10 ವರ್ಷವಾದರೆ ಕಂತು 3,300ಕ್ಕೆ ಇಳಿಯುತ್ತದೆ, ಒಟ್ಟು ಪಾವತಿ 3,96,000ಕ್ಕೆ ಏರುತ್ತದೆ. ಸಣ್ಣ ಕಂತು ಅಗ್ಗದ ಸಾಲವಲ್ಲ.

ಎರಡನೆಯದು ಕೈಬಿಟ್ಟ ಗಳಿಕೆ. ಇದನ್ನು ಬಹುಮಂದಿ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅದೇ ಹುಡುಗಿ ಊರಿನಲ್ಲಿದ್ದು ನಾಟಿ, ಅಡಿಕೆ ಸುಲಿಯುವ ಕೆಲಸಗಳಿಂದ ತಿಂಗಳಿಗೆ 8,000 ಗಳಿಸಿ, ತನ್ನ ಖರ್ಚು 3,000 ಕಳೆದು 5,000 ರೂಪಾಯಿಯನ್ನು ಮನೆಗೆ ಕೊಡಬಲ್ಲಳೆನ್ನೋಣ. ಓದಿನ 2 ವರ್ಷಗಳಲ್ಲಿ ಮನೆಗೆ 1,20,000 ರೂಪಾಯಿ ಬರುವುದು ನಿಲ್ಲುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಕಾಣದಿದ್ದರೂ ಇದೂ ವಿದ್ಯೆಯ ಬೆಲೆಯೇ.

ಮೂರನೆಯದು ಸರಿದೂಗುವ ಸಂಬಳ. ಅವಳಿಗೆ ಶಿಕಾರಿಪುರದಲ್ಲಿ ಕೆಲಸ ದೊರೆತು, ಬಸ್ಸು ಊಟಗಳಿಗೆ 4,000 ಆಗುವುದಾದರೆ, ಕಂತು 5,300 ಮತ್ತು ಮನೆಗೆ ಮೊದಲಿನಂತೆ 5,000 ಸೇರಿ ಕೈಗೆ ಬರುವ ಸಂಬಳ 14,300 ಇರಬೇಕು. 10 ವರ್ಷದ ಕಂತಾದರೆ 12,300 ಸಾಕು. ಬೆಂಗಳೂರಿನಲ್ಲಿ ಬಾಡಿಗೆ ಊಟಗಳಿಗೆ 9,000 ಆಗುವುದಾದರೆ 5 ವರ್ಷದ ಕಂತಿಗೆ 19,300 ಬೇಕು. ಆದುದರಿಂದ ಪೇಟೆಯ ಹೆಚ್ಚಿನ ಸಂಬಳ ಹೆಚ್ಚಿನ ಉಳಿತಾಯವೆಂದು ತಿಳಿಯಬಾರದು. ಇದಕ್ಕಿಂತ ಕಡಿಮೆ ಸಂಬಳವಾದರೆ ಕೊರತೆಯನ್ನು ಮನೆಯೇ ತುಂಬಬೇಕಾಗುತ್ತದೆ. ಈ ಮಟ್ಟ ಸಿಕ್ಕಿದರೆ ಸಾಲ ತೀರಿದ ಮೇಲೆ ಕಂತಿನ ಹಣ ಮನೆಗೆ ಉಳಿದು, ಕೈಬಿಟ್ಟ 1,20,000 ಸುಮಾರು 2 ವರ್ಷಗಳಲ್ಲಿ ತುಂಬಿಬರುತ್ತದೆ. ಅಲ್ಲಿಂದ ಮುಂದಿನದು ಶುದ್ಧ ಲಾಭ.

ಈ ಲೆಕ್ಕವನ್ನು ಹಿಡಿದು ಸೇರುವ ಮೊದಲೇ ಕೆಲವು ವಿಚಾರಣೆ ನಡೆಸಬೇಕು. ಸಂಸ್ಥೆಗೆ ಕರ್ನಾಟಕ ಪ್ಯಾರಾ ಮೆಡಿಕಲ್ ಮಂಡಳಿಯ ಮಾನ್ಯತೆ ಇದೆಯೆ? ಸಹಾಯಕ ಆರೋಗ್ಯ ವೃತ್ತಿಗಳಿಗಾಗಿ 2021ರಲ್ಲಿ ರಾಷ್ಟ್ರೀಯ ಕಾಯಿದೆ ಬಂದ ಮೇಲೆ ಮಾನ್ಯತೆ, ನೋಂದಣಿಗಳ ಮಹತ್ವ ಹೆಚ್ಚಿದೆ. ಕಳೆದ ವರ್ಷ ಓದಿ ಹೊರಬಂದವರಿಗೆ ಕೈಗೆ ಎಷ್ಟು ಬರುತ್ತಿದೆ? ಇದನ್ನು ಪ್ರಚಾರಪತ್ರದಲ್ಲಿ ನೋಡದೆ ಅವರನ್ನೇ ಕೇಳಬೇಕು. ಕೆಲಸ ಖಾಯಮೋ, ಗುತ್ತಿಗೆಯೋ? ಗುತ್ತಿಗೆ ಮುಗಿದರೂ ಕಂತು ಮುಗಿಯುವುದಿಲ್ಲ. 4 ಲಕ್ಷದವರೆಗಿನ ಬ್ಯಾಂಕ್ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುವುದಿಲ್ಲವಾದುದರಿಂದ, ಒಡವೆ ಅಡವಿಡುವ ಮುನ್ನ ಬ್ಯಾಂಕನ್ನು ವಿಚಾರಿಸುವುದು ಲೇಸು.

ಹಣದಿಂದ ಅಳೆಯಲಾಗದ ಫಲವೂ ವಿದ್ಯೆಗೆ ಉಂಟು. ಸ್ವಂತ ವೃತ್ತಿಯುಳ್ಳ ಹೆಣ್ಣುಮಗಳ ಮಾತಿಗೆ ಮನೆಯಲ್ಲಿ ಬರುವ ತೂಕವನ್ನು ನಾವು ಕಂಡಿದ್ದೇವೆ. ಆದರೆ ಆ ಫಲ ನಿಲ್ಲಬೇಕಾದರೆ ಋಣದ ಭಾರ ತಾಳುವಷ್ಟಿರಬೇಕು. ದತ್ತಿ ಬಿಟ್ಟವರು ಯಾವ ಭೂಮಿಯಿಂದ ಎಷ್ಟು, ಯಾವುದಕ್ಕೆ ಎಂಬುದನ್ನು ಕಲ್ಲಿನ ಮೇಲೆ ಬರೆಸಿದರು. ಸಾಲ ಮಾಡುವವರು ಅದನ್ನು ಕಾಗದದ ಮೇಲಾದರೂ ಬರೆದು ನೋಡಬೇಕು. ಬರೆದು ನೋಡಲು ಅವರಿಗೆ ನೆರವಾಗುವುದು ಅಧ್ಯಾಪಕರಾದ ನಮ್ಮ ಕರ್ತವ್ಯ.