ಪಿಕಪ್ಪಿನ ಮೂತಿ ತಗ್ಗಿರುವುದು ಯಾಕೆ?

ನಮ್ಮ ಯಲ್ದೂರು ಕಡೆ ಪಿಕಪ್ ಗಾಡಿ ನೋಡದವರಿಲ್ಲ. ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಂಡಿಗೆ ಮಾವು, ಉಳಿದ ದಿನಗಳಲ್ಲಿ ಕೋಲಾರದ ಎಪಿಎಂಸಿಗೆ ಟೊಮೆಟೊ. ನಮ್ಮ ಮನೆಯಲ್ಲೂ ಒಂದು ಇದೆ. ಅಬ್ಬಾ ಮತ್ತು ಅಣ್ಣ ಅದನ್ನು ಓಡಿಸುತ್ತಾರೆ. ನನ್ನ ಕಾಲೇಜು ಫೀಸು ಬರುವುದೂ ಅದರಿಂದಲೇ.

ಖಾಲಿ ಪಿಕಪ್ಪನ್ನು ಪಕ್ಕದಿಂದ ನೋಡಿ. ಹಿಂಭಾಗ ಎತ್ತರವಾಗಿ, ಮೂತಿ ನೆಲದ ಕಡೆ ಬಾಗಿದಂತೆ ಕಾಣುತ್ತದೆ. ಅಣ್ಣನಿಗೆ ಇದು ಇಷ್ಟವಿರಲಿಲ್ಲ. ತೋಟದ ದಾರಿಯ ಕಲ್ಲು ಮುಂದೆ ತಗಲುತ್ತದೆ ಎಂಬುದೂ ಒಂದು ಕಾರಣ. ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಲೀಫ್ ಸ್ಪ್ರಿಂಗುಗಳಿಗೆ ಒಂದೊಂದು ಪಟ್ಟಿ ಸೇರಿಸಿ, ಹಳೆಯ ಪಟ್ಟಿಗಳಿಗೆ ಹೊಸದಾಗಿ ಬಾಗು ಕೊಡಿಸಿಕೊಂಡು ಬಂದ. ಮುಂಭಾಗ 40 ಮಿಲಿಮೀಟರ್ ಎದ್ದಿತು. ಗಾಡಿ ಈಗ ಸಮನಾಗಿ ಕಾಣುತ್ತಿತ್ತು. ನನಗೂ ಚೆನ್ನಾಗಿಯೇ ಕಂಡಿತು.

ಅದಾಗಿ ಒಂದು ವಾರಕ್ಕೆ, ಬೆಳಗಿನ ಜಾವ ಟೊಮೆಟೊ ತುಂಬಿಕೊಂಡು ಕೋಲಾರಕ್ಕೆ ಹೊರಟಿದ್ದೆವು. ನಾನೂ ಜೊತೆಗಿದ್ದೆ. ಎದುರಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಬೈಕಿನವರು ಒಂದು ಕೈ ಕಣ್ಣಿಗೆ ಅಡ್ಡ ಹಿಡಿದರು. ಮರುಕ್ಷಣ ಬೈಕು ಟಾರು ಬಿಟ್ಟು ಮಣ್ಣಿಗಿಳಿದು ಬಿತ್ತು. ಅಲ್ಲಾಹನ ದಯೆ, ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಾಲೆಲ್ಲ ಚೆಲ್ಲಿಹೋಯಿತು. "ಲೈಟು ಡಿಮ್ ಮಾಡಬಾರದೇನ್ರೀ?" ಎಂದು ಅವರು ಕೇಳಿದರು. ಅಬ್ಬಾ ಕ್ಷಮೆ ಕೇಳಿ ಹಾಲಿನ ದುಡ್ಡು ಕೊಟ್ಟರು. ಅಣ್ಣ ಮಾತ್ರ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದ: "ಡಿಮ್ಮಲ್ಲೇ ಇತ್ತಲ್ಲ ಅಬ್ಬಾ!"

ನಿಜ, ಡಿಮ್ಮಲ್ಲೇ ಇತ್ತು. ಹಾಗಾದರೆ ತಪ್ಪಿದ್ದೆಲ್ಲಿ? ಭಾನುವಾರ ಟೇಪು ಹಿಡಿದುಕೊಂಡು ಕುಳಿತೆ.

ಮೊದಲು ಚಕ್ರದ ನಡುಬಿಂದುವಿನಿಂದ ಅದರ ಮೇಲಿನ ಕಮಾನಿನ ಅಂಚಿನವರೆಗೆ ಅಳೆದೆ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಖಾಲಿ ಇದ್ದಾಗ ಒಮ್ಮೆ, 100 ಬಾಕ್ಸು ತುಂಬಿದಾಗ ಒಮ್ಮೆ. ಬಾಕ್ಸಿಗೆ 15 ಕೆಜಿ, ಒಟ್ಟು 1500 ಕೆಜಿ. ಆ ತೂಕಕ್ಕೆ ಹಿಂಭಾಗ 70 ಮಿ.ಮೀ. ಇಳಿಯಿತು, ಮುಂಭಾಗ 10 ಮಿ.ಮೀ. ಮಾತ್ರ. ಅಂದರೆ ಖಾಲಿ ಗಾಡಿಯ ಹಿಂಭಾಗ ಎತ್ತರ ಇರುವುದು ದೋಷವಲ್ಲ, ಲೋಡಿಗಾಗಿ ಬಿಟ್ಟ ಜಾಗ. ಲೋಡು ಬಿದ್ದಾಗ ಗಾಡಿ ಸಮನಾಗಲಿ ಎಂದೇ ಹಾಗೆ ಮಾಡಿರುತ್ತಾರೆ. ಖಾಲಿಯಿದ್ದಾಗಲೇ ಸಮ ಮಾಡಿಬಿಟ್ಟರೆ, ಲೋಡು ಬಿದ್ದಾಗ ಮೂತಿ ಆಕಾಶ ನೋಡುತ್ತದೆ.

ಈಗ ಬೆಳಕಿನ ಲೆಕ್ಕ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 3 ಮೀಟರ್ ಇದೆ. ಮುಂದೆ ಎತ್ತಿದ್ದು 40, ಲೋಡಿನಿಂದ ಬಂದ ವ್ಯತ್ಯಾಸ 60, ಒಟ್ಟು 100 ಮಿ.ಮೀ. 3000ಕ್ಕೆ 100 ಎಂದರೆ 10 ಮೀಟರಿಗೆ 33 ಸೆಂ.ಮೀ. ಏರಿಕೆ. ಡಿಮ್ ಬೆಳಕನ್ನು ಸಾಮಾನ್ಯವಾಗಿ 10 ಮೀಟರಿಗೆ ಸುಮಾರು 10 ಸೆಂ.ಮೀ. ಇಳಿಯುವಂತೆ ಹೊಂದಿಸಿರುತ್ತಾರೆ. ಅದನ್ನು ಕಳೆದರೂ ಬೆಳಕು 10 ಮೀಟರಿಗೆ 23 ಸೆಂ.ಮೀ. ಮೇಲೇರುತ್ತಿತ್ತು. ಲ್ಯಾಂಪು ನೆಲದಿಂದ 90 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ, 50 ಮೀಟರ್ ದೂರದಲ್ಲಿ ಬೆಳಕಿನ ಮೇಲಂಚು 2 ಮೀಟರಿಗಿಂತ ಎತ್ತರ. ಎದುರು ಬರುವ ಬೈಕಿನವರ ಕಣ್ಣು ಅದರೊಳಗೇ ಇರುತ್ತದೆ. ಹೊಂದಿಸಿದಂತೆಯೇ ಇದ್ದಿದ್ದರೆ ಅಲ್ಲಿ ಬೆಳಕು ಮೊಣಕಾಲಿನ ಮಟ್ಟದಲ್ಲಿರಬೇಕಿತ್ತು.

ಇನ್ನೊಂದು ಸಂಗತಿ ಕಂಡು ನಾಚಿಕೆಯಾಯಿತು. ಅನೇಕ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಎಂದು ಬರೆದ ಸಣ್ಣ ತಿರುಗುಚಕ್ರ ಇರುತ್ತದೆ. ಲೋಡಿಗೆ ತಕ್ಕಂತೆ ಹೆಡ್‌ಲೈಟ್ ಇಳಿಸಲು ಅದು. ನಮ್ಮ ಗಾಡಿಯಲ್ಲೂ ಇತ್ತು. ಕೊಂಡ ದಿನದಿಂದ 0ಯಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಮರುದಿನ ಗ್ಯಾರೇಜು ಇಟ್ಟಿರುವ ನಮ್ಮ ಮಾಮು ಹತ್ತಿರ ಗಾಡಿ ತೆಗೆದುಕೊಂಡು ಹೋದೆವು. ಮುಂಭಾಗ ಎತ್ತುವ ದಾರಿಗಳನ್ನು ಅವರು ಹೀಗೆ ವಿವರಿಸಿದರು.

ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿದ್ದರೆ, ಅದರ ತಲೆಯ ಮೇಲೆ ಒಂದು ಬಿಲ್ಲೆ, ಅಂದರೆ ಸ್ಪೇಸರ್ ಇಡುತ್ತಾರೆ. ಅದರ ಬುಡ ಕೆಳತೋಳಿನ ಮಧ್ಯದ ಹತ್ತಿರ ಕೂತಿರುವುದರಿಂದ, ನಾವು ಓದಿದ ಸನ್ನೆಕೋಲಿನ ನಿಯಮದಂತೆ, 20 ಮಿ.ಮೀ. ಬಿಲ್ಲೆಗೆ ಚಕ್ರದ ಹತ್ತಿರ ಸುಮಾರು 40 ಮಿ.ಮೀ. ಏರಿಕೆ ಸಿಗುತ್ತದೆ. ಟಾರ್ಷನ್ ಬಾರ್, ಅಂದರೆ ತಿರುಚಿದಾಗ ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು ಇದ್ದರೆ, ಒಂದು ಬೋಲ್ಟು ಬಿಗಿದರೆ ಸಾಕು. ಆದರೆ ಈ ಎರಡರಲ್ಲೂ ಸ್ಪ್ರಿಂಗಿನ ಬಲ ಹೆಚ್ಚುವುದಿಲ್ಲ. ಚಕ್ರ ಹಳ್ಳಕ್ಕೆ ಇಳಿಯಲು ಇರುವ ಜಾಗ ಕಡಿಮೆಯಾಗುತ್ತದೆ, ಬಾಲ್ ಜಾಯಿಂಟುಗಳ ಕೋನ ಬದಲಾಗಿ ಬೇಗ ಸವೆಯುತ್ತವೆ.

ನಮ್ಮಂತೆ ಲೀಫ್ ಸ್ಪ್ರಿಂಗ್ ಇದ್ದರೆ ಪಟ್ಟಿ ಸೇರಿಸುತ್ತಾರೆ, ಇಲ್ಲವೇ ಉದ್ದದ ಶಾಕಲ್ ಹಾಕುತ್ತಾರೆ. ಶಾಕಲ್ 20 ಮಿ.ಮೀ. ಉದ್ದವಾದರೆ ಏರಿಕೆ ಅದರ ಅರ್ಧ. ಐದು ಪಟ್ಟಿಗೆ ಅಷ್ಟೇ ದಪ್ಪದ ಆರನೆಯದು ಸೇರಿದರೆ ಸ್ಪ್ರಿಂಗಿನ ಬಿರುಸು ಸುಮಾರು ಐದನೇ ಒಂದು ಪಾಲು ಹೆಚ್ಚುತ್ತದೆ, ಗಾಡಿ ಕುಲುಕುತ್ತದೆ. ಯಾವ ದಾರಿ ಹಿಡಿದರೂ ಸ್ಟೇರಿಂಗಿನ ಸರಳುಗಳ ಕೋನ ಬದಲಾಗುತ್ತದೆ. ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಹೆಡ್‌ಲೈಟ್ ಮತ್ತೆ ಹೊಂದಿಸಲೇಬೇಕು. ನಮಗೆ ಇವೆರಡನ್ನೂ ಯಾರೂ ಮಾಡಿಕೊಟ್ಟಿರಲಿಲ್ಲ, ನಾವೂ ಕೇಳಿರಲಿಲ್ಲ.

"ಹಿಂದೆಯೂ ಒಂದು ಪಟ್ಟಿ ಹಾಕಿಬಿಟ್ಟರೆ?" ಎಂದು ಅಣ್ಣ ಕೇಳಿದ. ಮಾಮು ಬೇಡವೆಂದರು. ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಒಂದು ವಾಲ್ವ್ ಇರುತ್ತದೆ. ಆ ಅಂತರ ನೋಡಿ ಅದು ಲೋಡು ಎಷ್ಟಿದೆ ಎಂದು ತಿಳಿಯುತ್ತದೆ, ಅದರಂತೆ ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಪಟ್ಟಿ ಸೇರಿಸಿ ಹಿಂಭಾಗ ಎತ್ತಿದರೆ, ತುಂಬಿದ ಗಾಡಿಯನ್ನೂ ಅದು ಖಾಲಿ ಎಂದುಕೊಂಡು ಬ್ರೇಕು ಕಡಿಮೆ ಮಾಡುತ್ತದೆ.

ಮಾಮು ಮುಂದಿನ ಸ್ಪ್ರಿಂಗು ಬಿಚ್ಚಿದಾಗ ನಿಜವಾದ ಕಾರಣ ಸಿಕ್ಕಿತು. ಎಡಗಡೆಯ ಎರಡನೇ ಪಟ್ಟಿ ನಡುಬೋಲ್ಟಿನ ಹತ್ತಿರ ಸೀಳಿತ್ತು, ಬುಷ್‌ಗಳು ಸವೆದಿದ್ದವು. ಮೂತಿ ಇರಬೇಕಾದುದಕ್ಕಿಂತ ಹೆಚ್ಚು ತಗ್ಗಿದ್ದದ್ದು ಇದರಿಂದ. ಹೊಸ ಪಟ್ಟಿ ಸೇರಿಸಿ ನಾವು ಮುರಿದದ್ದನ್ನು ಮುಚ್ಚಿದ್ದೆವು, ಅಷ್ಟೆ. ಆ ಪಟ್ಟಿ ಪೂರ್ತಿ ತುಂಡಾಗಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ.

ಹೆಚ್ಚುವರಿ ಪಟ್ಟಿಗಳನ್ನು ತೆಗೆಸಿ, ಎರಡೂ ಬದಿಗೆ ಕಂಪನಿ ಅಳತೆಯ ಹೊಸ ಸ್ಪ್ರಿಂಗು, ಹೊಸ ಬುಷ್ ಹಾಕಿಸಿದೆವು. ಒಂದೇ ಬದಿಗೆ ಹಾಕಿದರೆ ಗಾಡಿ ಓರೆಯಾಗುತ್ತದೆ. ಮೊದಲಿನ ತಗ್ಗಿಗಿಂತ 20 ಮಿ.ಮೀ. ಏರಿಕೆ ತಾನಾಗಿಯೇ ಬಂತು. ತೋಟದ ದಾರಿಗೆ ಅದು ಸಾಕಾಯಿತು.

ಅಮೆರಿಕದಂಥ ಕಡೆ ಪಿಕಪ್ಪನ್ನು ಮನೆಯ ಕಾರಿನಂತೆ ಖಾಲಿ ಓಡಿಸುವವರು ಬಹಳ, ಅದಕ್ಕೇ ಅಲ್ಲಿ ಮುಂಭಾಗ ಎತ್ತಿ ಸಮ ಮಾಡುವ ರೂಢಿ ಇದೆ. ನಮ್ಮ ಗಾಡಿಗಳು ದಿನಾ ಲೋಡು ಹೊರುತ್ತವೆ. ಕಾನೂನೂ ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ನಿಮ್ಮ ಮನೆಯಲ್ಲೂ ಪಿಕಪ್ ಇದ್ದರೆ ಇಷ್ಟು ಮಾಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಅಳೆದು ಬರೆದಿಡಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡರೆ, ಎತ್ತಿಸುವ ಮಾತಿಗೆ ಮೊದಲು ಸ್ಪ್ರಿಂಗು, ಬುಷ್ ತೋರಿಸಿ. ಲೋಡು ತುಂಬಿದ ಮೇಲೆ ರಾತ್ರಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ ಡಿಮ್ ಹಾಕಿ. ಬೆಳಕಿನ ಮೇಲಂಚು ಲ್ಯಾಂಪಿನ ಎತ್ತರಕ್ಕಿಂತ ಕೆಳಗೇ ಇರಬೇಕು.

ಈಗ ಲೋಡು ಮುಗಿದು ಹಗ್ಗ ಬಿಗಿದ ಮೇಲೆ ಅಣ್ಣ ಮೊದಲು ಆ ಸಣ್ಣ ಚಕ್ರ ತಿರುಗಿಸುತ್ತಾನೆ, ಆಮೇಲೆ ಗಾಡಿ ಸ್ಟಾರ್ಟ್ ಮಾಡುತ್ತಾನೆ.