ಭಟ್ಕಳದ ಶಿಲಾಗುಡಿಗಳೂ ಬಿಂಬದರ್ಶನವೂ

ಕುಮಟಾ, ಹೊನ್ನಾವರಗಳನ್ನು ದಾಟಿ ತೆಂಕಣಕ್ಕೆ ಬಂದರೆ ಭಟ್ಕಳ. ಅಲ್ಲಿಯ 16ನೆಯ ಶತಮಾನದ ಕೇತಪೈ ನಾರಾಯಣ ದೇವಾಲಯ, ಚಂದ್ರನಾಥೇಶ್ವರ ಬಸದಿಗಳ ಮಾಡು ಇಳಿಜಾರಾದ ಕಲ್ಲುಚಪ್ಪಡಿಗಳದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಕರಾವಳಿಗೆ ತಕ್ಕ ಕಟ್ಟಣೆಯಿದು.

ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ಡಿಜಿಟಲ್ ಹಂಪಿ’ ಯೋಜನೆಯಲ್ಲಿ ಹಂಪೆಯ ಸ್ಮಾರಕಗಳನ್ನು ಗಣಕದಲ್ಲಿ ಮೂರು ಆಯಾಮಗಳಿಂದ ರೂಪಿಸಲಾಯಿತು. ಇಂಥ ಕಾರ್ಯದಲ್ಲಿ ಲೇಸರ್ ಕಿರಣವು ಬಿಂದುಬಿಂದುವಿನ ದೂರವನ್ನಳೆಯುತ್ತದೆ, ಛಾಯಾಚಿತ್ರವು ಬಣ್ಣವನ್ನೀಯುತ್ತದೆ. ಅಂತರ್ಜಾಲದಿಂದ ಅದನ್ನು ಪಡೆದು ವರ್ಚುವಲ್ ರಿಯಾಲಿಟಿ ಕನ್ನಡಕ ತೊಟ್ಟವರಿಗೆ, ತಲೆ ಹೊರಳಿದತ್ತ ನೋಟವೂ ಹೊರಳುತ್ತದೆ. ಭಟ್ಕಳದ ಗುಡಿಗಳಿಗೂ ಈ ಕ್ರಮ ಸಲ್ಲತಕ್ಕದ್ದು. ನಡೆಯಲಾರದ ವೃದ್ಧರು ಒಳಾಂಗಣವನ್ನು ಕಾಣಬಹುದು; ಮಳೆಗೆ ಸವೆಯುವ ಶಿಲ್ಪದ ಅಳತೆಯಾದರೂ ಉಳಿದೀತು.

ಆದರೆ ಕುರುಹನ್ನೇ ಅರಿವೆಂದು ಬಗೆಯಬಾರದೆಂಬುದು ಶರಣಮಾರ್ಗದ ವಿವೇಕ. ಬಿಂಬ ಉಳಿದಿದೆಯೆಂದು ನೆಲದ ಮೇಲಿನ ಕಲ್ಲನ್ನು ಕಡೆಗಣಿಸುವುದೂ ಅಂಥದೇ ಭ್ರಮೆ.